ತಂಗಿಯ ಹೊಂಡದ ಗೋಡು

ಹೊಂಡದ ತಳದಲ್ಲಿ ಎಷ್ಟು ಕೆಸರು ಕೂತಿದೆ ಎಂದು ನೋಡಲು ನನ್ನ ತಂಗಿ ಒಂದು ಬಿದಿರ ಗಳು ಇಟ್ಟುಕೊಂಡಿದ್ದಳು. ಅದನ್ನು ನೇರವಾಗಿ ನೀರಿಗೆ ಇಳಿಸಿ, ಗಟ್ಟಿ ನೆಲ ತಾಗುವವರೆಗೆ ಒತ್ತಿ, ನಿಧಾನವಾಗಿ ಮೇಲೆತ್ತುತ್ತಿದ್ದಳು. ಗಳುವಿಗೆ ಎಷ್ಟು ಉದ್ದ ಕಪ್ಪು ಅಂಟಿದೆಯೋ ಅಷ್ಟು ಕೆಸರು. ಮೊದಲ ವರ್ಷ ಅದು ನಾಲ್ಕು ಬೆರಳಿತ್ತು. ಎರಡನೆಯ ವರ್ಷದ ಸಂಕ್ರಾಂತಿಯ ಹೊತ್ತಿಗೆ ಒಂದು ಮೊಳ ಆಗಿತ್ತು. ಗಳುವಿನ ತುದಿಯನ್ನು ಮೂಗಿನ ಹತ್ತಿರ ತಂದರೆ ಕೊಳೆತ ಮೊಟ್ಟೆಯ ವಾಸನೆ.

“ಅಣ್ಣ, ಈ ತಿಂಗಳಾದ್ರೂ ಒಂದೀಟು ಎತ್ಸಣ್ಣ. ಬೆಳಗಿನ ಜಾವ ಮೀನೆಲ್ಲ ಮೇಲಕ್ಕೆ ಬಂದು ಬಾಯ್ ಬಾಯ್ ಬುಡ್ತವೆ,” ಅನ್ನುತ್ತಿದ್ದಳು.

“ಇರ್ಲಿ ಬುಡವ್ವ, ಚೆನ್ನಾಗ್ ಕೂತ್ಕಳ್ಳಿ. ಬೇಸ್ಗೇಲಿ ಒಂದೇ ಸಲ ಎತ್ತಿ ತೆಂಗಿಗೆ ಹೊಡ್ಯವ,” ಅನ್ನುತ್ತಿದ್ದೆ ನಾನು.

ನಮ್ಮದು ಹಂದನಕೆರೆ ಕಡೆಯ ಒಂದು ಸಣ್ಣ ಊರು. ಮನೆಯ ಹಿಂದೆ ಹಿತ್ತಲು, ಹಿತ್ತಲಿಗೆ ಹೊಂದಿಕೊಂಡಂತೆ ತೆಂಗಿನ ತೋಟ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತೋಟದ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಕಣ್ಣಲ್ಲಿ ನೋಡಿ ಕಲಿತದ್ದು. ಈ ಕಡೆ ಕೆರೆ ಬತ್ತಿದ ವರ್ಷ ತಳದ ಮಣ್ಣನ್ನು ಅಗೆದು ತೆಂಗಿನ ಬುಡಕ್ಕೆ ಹಾಕುತ್ತಾರೆ. ಅದಕ್ಕೆ ಗೋಡು ಅನ್ನುತ್ತೇವೆ. ಗೋಡು ಬಿದ್ದ ಮರ ಮೂರು ವರ್ಷ ಬೇರೆ ಗೊಬ್ಬರ ಕೇಳುವುದಿಲ್ಲ. ಕೆರೆಯ ಗೋಡನ್ನು ಯಾರೂ ಸ್ವಲ್ಪ ಸ್ವಲ್ಪ ತೆಗೆಯುವುದಿಲ್ಲ. ಕೂರಲು ಬಿಡುತ್ತಾರೆ, ಕೆರೆ ಒಣಗಲು ಕಾಯುತ್ತಾರೆ, ಆಮೇಲೆ ಒಂದೇ ಸಲ ಹೊಡೆಯುತ್ತಾರೆ. ತಂಗಿಯ ಹೊಂಡವನ್ನೂ ನಾನು ಒಂದು ಸಣ್ಣ ಕೆರೆ ಎಂದೇ ನೋಡಿದೆ. ಅದರ ತಳದಲ್ಲಿ ಕೂರುತ್ತಿದ್ದದ್ದು ನನ್ನ ಕಣ್ಣಿಗೆ ನನ್ನ ಮರಗಳ ಗೊಬ್ಬರವಾಗಿತ್ತು.

ಹೊಂಡ ಮಾತ್ರ ಅವಳದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಒಂದು ವರ್ಷ ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕೂತಿದ್ದಳು. ಆಮೇಲೆ ತಿಪಟೂರಿನಲ್ಲಿ ಎರಡು ದಿನ ಮೀನು ಸಾಕುವ ತರಬೇತಿಗೆ ಹೋಗಿ ಬಂದಳು. ಹಿತ್ತಲಲ್ಲಿ ಮೊದಲೇ ಇದ್ದ ಗುಂಡಿಯನ್ನು ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲಕ್ಕೆ ಅಗೆಸಿದಳು. ಕಾಟ್ಲಾ, ರೋಹು, ಗೆಂಡೆ ಎಲ್ಲ ಸೇರಿ ನೂರೈವತ್ತು ಮರಿ ಬಿಟ್ಟಳು. ಆ ಮರಿಗಳನ್ನು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಮೊಪೆಡ್ಡಿನ ಮೇಲೆ ತೊಡೆಗೆ ಒತ್ತಿಕೊಂಡು ತಂದುಕೊಟ್ಟವರು ನಮ್ಮ ಮೇಲಿನ ತೋಟದ ಮುದುಕರು. ರಕ್ತಸಂಬಂಧ ಇಲ್ಲ. ಆದರೆ ನಮ್ಮಪ್ಪನ ಜೊತೆ ಬೆಳೆದವರು, ನಮ್ಮಿಬ್ಬರಿಗೂ ದೊಡ್ಡಪ್ಪ.

ತಂಗಿ ದಿನಾ ಎರಡು ಹೊತ್ತು ಅಕ್ಕಿ ತೌಡಿಗೆ ಹಿಂಡಿ ಕಲಸಿ ಹಾಕುತ್ತಿದ್ದಳು. ಮೀನು ಒಂದು ಕೆಜಿ ದಾಟಿದ್ದವು. ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಊರೆಲ್ಲ ಬಾಡೂಟ ಮಾಡುತ್ತದೆ. ಅವತ್ತಿಗೆ ಹಿಡಿಸಿ ಮಾರುವುದು ಎಂದು ಗೊತ್ತು ಮಾಡಿದ್ದಳು. ಒಂದು ದಿನ ನನ್ನ ಹೆಂಡತಿ ಇಲ್ಲದ ಹೊತ್ತಿನಲ್ಲಿ ಹೇಳಿದಳು: “ಒಂದ್ ಸೋಪು ಬೇಕಂದ್ರೂ ಅತ್ತಿಗೆ ಮುಖ ನೋಡ್ಬೇಕಣ್ಣ. ಅವ್ರು ಏನೂ ಅನ್ನಲ್ಲ, ಪಾಪ. ಆದ್ರೂ ನೋಡ್ಬೇಕಲ್ಲ. ಈ ಮೀನು ಹೋದ್ಮೇಲೆ ನೋಡಲ್ಲ.”

ಇದನ್ನು ಕೇಳಿಸಿಕೊಂಡ ಮೇಲೂ ನಾನು ಕೆಸರು ಎತ್ತಿಸಲಿಲ್ಲ.

ಯುಗಾದಿಗೆ ಮೂರು ವಾರ ಇತ್ತು. ಹುಳಿಯಾರಿನಲ್ಲಿ ನಮ್ಮ ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ತಂಗಿ, ನನ್ನ ಹೆಂಡತಿ ಇಬ್ಬರೂ ಎರಡು ದಿನಕ್ಕೆ ಹೋದರು. ಅವತ್ತು ಸಂಜೆಯೇ ಪಕ್ಕದ ಊರಿಗೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೆಸರಿನ ಪಂಪು ಬಂದಿದೆ, ನಾಳೆ ಒಂದು ದಿನ ಬಿಡುವಿದೆ ಎಂದು ಗೊತ್ತಾಯಿತು. ನನ್ನ ತೆಂಗಿನ ಬುಡದ ಪಾತಿಗಳನ್ನು ಆಗಲೇ ಬಿಡಿಸಿಟ್ಟಿದ್ದೆ. ತಂಗಿ ಬರುವುದರೊಳಗೆ ಮುಗಿಸಿಬಿಟ್ಟರೆ ಅವಳಿಗೂ ಖುಷಿಯಾಗುತ್ತದೆ ಅಂದುಕೊಂಡೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ ಅನ್ನುವುದು ಹೆಚ್ಚು ಸರಿ.

ತಂಗಿ ತರಬೇತಿಯಲ್ಲಿ ಕಲಿತದ್ದನ್ನು ನನಗೆ ಎಷ್ಟೋ ಸಲ ಹೇಳಿದ್ದಳು. ದಪ್ಪ ಕೆಸರು ಎತ್ತುವುದಾದರೆ ಮೊದಲು ಮೀನನ್ನು ಬಲೆ ಹಾಕಿ ಹಿಡಿದು ಬೇರೆ ನೀರಿಗೆ ಬಿಡಬೇಕು. ಅದಕ್ಕೆ ಜಾಗವಿಲ್ಲದಿದ್ದರೆ ತಿಂಗಳಿಗೊಮ್ಮೆ ಪೈಪಿನಲ್ಲಿ ತಳದಿಂದ ಒಂದಷ್ಟು ಎಳೆದುಕೊಂಡು, ಅಷ್ಟೇ ಹೊಸ ನೀರು ಬಿಡಬೇಕು. ಕದಡಲೇಬಾರದು. ನಾನು ನಕ್ಕಿದ್ದೆ. ಚಿಕ್ಕಂದಿನಲ್ಲಿ ಬತ್ತಿದ ಕೆರೆಯಲ್ಲಿ, ಬರೀ ಕೆಸರಲ್ಲಿ, ಮೀನು ಎರಡು ಮೂರು ದಿನ ಬದುಕಿದ್ದನ್ನು ನಾನು ಕೈಯಿಂದ ಹಿಡಿದಿದ್ದೆ. ಅವು ಕೊರವ, ಚೇಳು ಮೀನು. ಮೇಲೆ ಬಂದು ಗಾಳಿ ಕುಡಿದು ಬದುಕುವ ಜಾತಿ. ಕಾಟ್ಲಾ, ರೋಹುಗಳಿಗೆ ಆ ಶಕ್ತಿ ಇಲ್ಲ ಎಂದು ನನಗೆ ತಿಳಿದದ್ದು ಆಮೇಲೆ.

ಬೆಳಿಗ್ಗೆ ಡೀಸೆಲ್ ಎಂಜಿನ್ ಇಟ್ಟು ಮೇಲಿನ ತಿಳಿನೀರನ್ನು ತೋಟಕ್ಕೆ ಬಿಟ್ಟೆ. ಮೊಣಕಾಲುದ್ದ ನೀರು ಉಳಿಯಿತು. ಎಂಟು ಗಂಟೆಗೆ ಟ್ರ್ಯಾಕ್ಟರ್ ಬಂತು. ಪಂಪಿಗೆ ಕೆಸರು ಗಟ್ಟಿಯಾಗಿ ಸಿಕ್ಕರೆ ಕಟ್ಟಿಕೊಳ್ಳುತ್ತದೆ, ಕಲಸಿ ಗಂಜಿಯ ಹಾಗೆ ಮಾಡಿಕೊಡಬೇಕು. ಪಂಪಿನವನ ಜೊತೆ ಬಂದಿದ್ದ ಆಳೂ ನಾನೂ ಇಳಿದು ಸಲಿಕೆಯಿಂದ ಕಲಸಿದೆವು. ನೀರು ಇದ್ದಿಲ ಬಣ್ಣಕ್ಕೆ ತಿರುಗಿತು. ಗುಳ್ಳೆ ಎದ್ದವು. ಕಣ್ಣುರಿಯುವಷ್ಟು ವಾಸನೆ.

ಕಾಲು ಗಂಟೆಗೆ ಮೀನು ಮೇಲೆ ಬಂದವು. “ಓನರ್ರೇ, ಮೀನು ಸುಸ್ತಾಗ್ತಾವಲ್ರೀ,” ಎಂದ ಪಂಪಿನವನು.

“ಕೆರೆ ಮೀನಿಗೆ ಕೆಸರು ಹೊಸದೇನ್ರೀ? ನಡೀಲಿ,” ಎಂದೆ.

ಅರ್ಧ ಗಂಟೆಗೆ ಅವು ಪಕ್ಕಕ್ಕೆ ವಾಲತೊಡಗಿದವು. ಆಗ ನನಗೆ ಭಯವಾಯಿತು. ಪಂಪು ನಿಲ್ಲಿಸಿ ಬೋರಿನ ನೀರು ಬಿಡಲು ಓಡಿದೆ. ಆ ವಾರ ನಮ್ಮ ಕಡೆಗೆ ಬೆಳಿಗ್ಗೆ ಎಂಟರವರೆಗೆ ಮಾತ್ರ ತ್ರೀ ಫೇಸ್ ಕರೆಂಟು. ಎಂಟೂವರೆ ದಾಟಿತ್ತು. ಮೋಟಾರು ಎದ್ದೇಳಲಿಲ್ಲ. ಮನೆಯ ಡ್ರಮ್ಮುಗಳಿಂದ ಬಿಂದಿಗೆಯಲ್ಲಿ ನೀರು ತಂದು ಸುರಿದೆ. ಅಷ್ಟು ದೊಡ್ಡ ಕೆಸರಿಗೆ ಅದು ಏನೂ ಅಲ್ಲ. ಬದುಕಿದ್ದ ಇಪ್ಪತ್ತು ಮೀನುಗಳನ್ನು ದನದ ತೊಟ್ಟಿಗೆ ಬಿಟ್ಟೆ. ಕಿವಿರು ಎತ್ತಿ ನೋಡಿದರೆ ಒಳಗೆಲ್ಲ ಕಪ್ಪು ಲೋಳೆ. ಬೆರಳಿಂದ ತೊಳೆದೆ. ಒಂದೊಂದಾಗಿ ಹೊಟ್ಟೆ ಮೇಲಾದವು. ಹತ್ತು ಗಂಟೆಗೆ ಎಲ್ಲ ಮುಗಿದಿತ್ತು.

ಪಂಪಿನವನು, “ಇನ್ನರ್ಧ ಕೆಸರು ಐತೆ, ಏನ್ ಮಾಡನ?” ಎಂದ. ಹೋಗಪ್ಪ ಎಂದು ಕಳಿಸಿದೆ. ಸತ್ತ ಮೀನನ್ನು ಮಂಕರಿಯಲ್ಲಿ ಹೊತ್ತು ತೆಂಗಿನ ಪಾತಿಗಳಲ್ಲಿ ಹೂಳತೊಡಗಿದೆ. ಆ ಹೊತ್ತಿನಲ್ಲೂ, ಇದು ಮರಕ್ಕೆ ಒಳ್ಳೆಯದು ಎಂಬ ಯೋಚನೆ ತಲೆಯಲ್ಲಿ ಹಾದುಹೋಯಿತು. ಇದನ್ನೂ ಬರೆಯಬೇಕು ಅನ್ನಿಸಿತು, ಬರೆದಿದ್ದೇನೆ.

ಹೂಳುತ್ತಿದ್ದಾಗ ಮೇಲಿನ ತೋಟದ ಕಡೆ ನೋಡಿದೆ. ದೊಡ್ಡಪ್ಪ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಟೊಮೊಟೊಗೆ ಔಷಧಿ ಹೊಡೆಯುತ್ತಿದ್ದರು. ಅವರ ಹೊಲದ ಕಾಲುವೆ ನಮ್ಮ ಹೊಂಡದ ಪಕ್ಕದಲ್ಲೇ ಇಳಿಯುತ್ತದೆ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ತಂಗಿ ಬಂದಳು. ಚಪ್ಪಲಿ ಬಿಡುವ ಮೊದಲೇ ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ.

“ಮೀನೆಲ್ಲಣ್ಣ?”

“ಸತ್ತೋದ್ವು ಕಣವ್ವ. ನಾರ್ತಿತ್ತು, ಅದ್ಕೇ ನೀರ್ ಖಾಲಿ ಮಾಡ್ಸಿ ಕೆಸರು ಎತ್ಸೋಕ್ ಶುರು ಮಾಡ್ದೆ.”

“ಹೆಂಗ್ ಸತ್ವು?”

“ಗೊತ್ತಿಲ್ಲ. ಮೇಲ್ಗಡೆ ಔಷಧಿ ಹೊಡೀತಿದ್ರು. ಆ ನೀರೇನಾದ್ರೂ ಬಂತೋ ಏನೋ.”

ನಾನು ಆಡಿದ್ದು ಅಷ್ಟೇ. ಮೊದಲಿನದನ್ನು ಆಮೇಲೆ, ಆಮೇಲಿನದನ್ನು ಮೊದಲು ಎಂದು ತಿರುಗಿಸಿದೆ, ಕೊನೆಗೆ ಒಂದು ‘ಏನೋ’ ಸೇರಿಸಿದೆ. ತಂಗಿ ನಿಂತಲ್ಲೇ ತಿರುಗಿ ಬದು ಹತ್ತಿದಳು. ಅವಳ ಕೂಗು ನಮ್ಮ ಹಿತ್ತಲಿನವರೆಗೂ ಕೇಳಿಸಿತು.

“ಮರಿ ತಂದ್ಕೊಟ್ಟೋನು ನೀನೇ, ಸಾಯ್ಸಿದೋನೂ ನೀನೇ ಅಲ್ವಾ ದೊಡ್ಡಪ್ಪ? ಕೆಳಗಡೆ ಜೀವ ಅವೆ ಅನ್ನೋದ್ ಗೊತ್ತಿರ್ಲಿಲ್ವಾ ನಿಂಗೆ?”

ಅವರು ಜಗಳಕ್ಕೆ ನಿಲ್ಲುತ್ತಾರೆ, ಇಲ್ಲ ಅನ್ನುತ್ತಾರೆ, ಅಲ್ಲಿಗೆ ಇದು ಯಾರದ್ದೂ ಅಲ್ಲದ ತಪ್ಪಾಗಿ ಮುಗಿಯುತ್ತದೆ ಎಂದು ನಾನು ಎಣಿಸಿದ್ದೆ. ಅವರು ಇಲ್ಲ ಅನ್ನಲಿಲ್ಲ. “ಹೊಡ್ದಿದ್ದು ನಿಜ ಕಣವ್ವ. ಕ್ಯಾನು ತೊಳ್ದಿದ್ ನೀರ್ನ ಕಾಲ್ವೆಗೇ ಚೆಲ್ಬುಟ್ಟೆ. ಯೋಚ್ನೆ ಮಾಡ್ಲಿಲ್ಲ,” ಎಂದರು.

ಅರ್ಧ ಎತ್ತಿದ ಕೆಸರನ್ನು ಹಾಗೇ ಬಿಡುವಂತಿರಲಿಲ್ಲ. ಬಿಸಿಲಿಗೆ ಮೇಲೆ ಕೆನೆಗಟ್ಟಿ ಒಳಗೆ ಹುಳಿಯುತ್ತಿತ್ತು. ನಾನು ಕೈಯಿಂದಲೇ ಎತ್ತಲು ಶುರು ಮಾಡಿದ ದಿನ ಬೆಳಿಗ್ಗೆ ದೊಡ್ಡಪ್ಪ ಒಂದು ಬಾಂಡ್ಲಿ, ಸಲಿಕೆ ಹಿಡಿದು ಬಂದರು. ಪಂಚೆ ಎತ್ತಿ ಕಟ್ಟಿ, ನನ್ನನ್ನು ಏನೂ ಕೇಳದೆ ಹೊಂಡಕ್ಕೆ ಇಳಿದರು. ಎಪ್ಪತ್ತು ದಾಟಿದ ಮನುಷ್ಯ, ತೊಡೆಯವರೆಗೆ ಕೆಸರು.

“ನೀವ್ಯಾಕೆ ದೊಡ್ಡಪ್ಪ...”

“ಸುಮ್ಕಿರ್ಲಾ. ನನ್ನಿಂದಾದ ಕೆಲ್ಸ.”

ಕೆಲಸ ಗೊತ್ತಿದ್ದವರು ಅವರೇ. ಮೊದಲು ತಗ್ಗಿನ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿದರು. ಸುತ್ತ ಬೆರಳಗಲದ ಗೀರು ಎಳೆದು ಕೆಸರಿನ ನೀರು ಆ ಗುಂಡಿಗೆ ಇಳಿಯುವಂತೆ ಮಾಡಿದರು. ಗುಂಡಿ ತುಂಬಿದಾಗಲೆಲ್ಲ ನಾನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲಬೇಕು. ಒಂದು ದಿನ ಹೀಗೆ ಬಸಿದರೆ ಕೆಸರು ಮೊಸರಿನ ಹಾಗೆ ಆಗಿ ಸಲಿಕೆಗೆ ನಿಲ್ಲುತ್ತದೆ. ಆಮೇಲೆ ಒಂದು ಬದಿಯಿಂದ ಪಟ್ಟೆ ಪಟ್ಟೆಯಾಗಿ ಕತ್ತರಿಸಿ ಬಾಂಡ್ಲಿಗೆ ತುಂಬಬೇಕು. ತಳದ ಗಟ್ಟಿ ಮಣ್ಣಿನ ಮೇಲೆ ನಾಲ್ಕು ಬೆರಳು ಬಿಡಬೇಕು. ಪೂರ್ತಿ ಕೆರೆದರೆ ಹೊಂಡ ನೀರು ಇಂಗಿಸುತ್ತದೆ. ಅವರು ತುಂಬಿ ಕೊಡುತ್ತಿದ್ದರು, ನಾನು ಹೊತ್ತು ತೋಟಕ್ಕೆ ಸುರಿಯುತ್ತಿದ್ದೆ.

“ಏನ್ಲಾ, ಬಾಂಡ್ಲೀನ ಮಗು ಎತ್ಕಂಡಂಗೆ ಎತ್ಕಂಡಿದೀಯ? ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ಗೆ ಮೂರ್ ಗಾಡಿ ತುಂಬಿರೋನು,” ಎಂದು ಛೇಡಿಸುತ್ತಿದ್ದರು. ನನಗೆ ನಗಲು ಆಗುತ್ತಿರಲಿಲ್ಲ. ಅವರಿಗೆ ಅದು ನನ್ನ ದುಃಖ ಅನ್ನಿಸಿತ್ತು. “ಬುಡ್ಲಾ, ಮರಿ ಸಿಕ್ತವೆ. ನಾನೇ ತತ್ತೀನಿ,” ಎಂದರು.

ಹನ್ನೊಂದು ಗಂಟೆಗೆ ತಂಗಿ ಕಾಫಿ ತರುತ್ತಿದ್ದಳು. ಒಂದೇ ಲೋಟ. ದಡದ ಮೇಲೆ ನನ್ನ ಕಡೆಗೆ ಇಟ್ಟು ಹೋಗುತ್ತಿದ್ದಳು. ದೊಡ್ಡಪ್ಪ ಅದನ್ನು ನೋಡಿಯೂ ನೋಡದವರಂತೆ, ಹಗಲು ಕರೆಂಟಿನ ಸರದಿ ಬಂದು ಹರಿಯುತ್ತಿದ್ದ ಬೋರಿನ ಪೈಪಿನ ಹತ್ತಿರ ಹೋಗಿ ಬೊಗಸೆಯಲ್ಲಿ ನೀರು ಕುಡಿದು ಬರುತ್ತಿದ್ದರು. ಮೊದಲ ದಿನ ಅವಳು ಹೋದ ಮೇಲೆ ಲೋಟವನ್ನು ಅವರಿಗೆ ಚಾಚಿದೆ. “ಬ್ಯಾಡ. ಅವ್ಳು ಕೊಟ್ಟಾಗ ಕುಡೀತೀನಿ,” ಎಂದರು. ಎರಡನೆಯ ದಿನ, ಮೂರನೆಯ ದಿನ ಆ ಕಾಫಿಯನ್ನು ನಾನು ಅವರ ಮುಂದೆಯೇ ಕುಡಿದೆ. ಹೇಳಲು ಮೂರು ದಿನವೂ ಬಾಯಿ ಇತ್ತು. ಕಾಫಿ ಕುಡಿಯಲು ಬಳಸಿದೆ.

ನಾಲ್ಕನೆಯ ದಿನ ಅವರು ಬರುವುದು ತಡವಾಯಿತು. ಮೊಣಕೈವರೆಗೆ ಹಸಿರು ಅಂಟಿತ್ತು, ಟೊಮೊಟೊ ಗಿಡದ ವಾಸನೆ.

“ಎಲ್ಲಿ ಹೋಗಿದ್ರಿ ದೊಡ್ಡಪ್ಪ?”

“ಆ ಗಿಡ ಎಲ್ಲಾ ಕಿತ್ತಾಕ್ಬುಟ್ಟೆ ಕಣ್ಲಾ. ಅದಿದ್ರೆ ತಿರ್ಗಾ ಔಷಧಿ ಹೊಡೀಲೇಬೇಕು. ಇನ್ನು ಆ ತುಂಡಲ್ಲಿ ಹುರುಳಿ ಚೆಲ್ಕತೀನಿ, ಅದಕ್ಕೇನೂ ಹೊಡೆಯಂಗಿಲ್ಲ. ನಿನ್ ತಂಗಿಗೆ ಹೇಳು, ಧೈರ್ಯವಾಗಿ ಮರಿ ಬುಡ್ಲಿ.”

ನಾನು ಬದು ಹತ್ತಿ ನೋಡಿದೆ. ಗಿಡಗಳನ್ನು ಕಿತ್ತು ಸಾಲಾಗಿ ರಾಶಿ ಹಾಕಿದ್ದರು. ಬೇರಿನಲ್ಲಿ ಇನ್ನೂ ಹಸಿ ಮಣ್ಣು. ತುಂಬಾ ಕಾಯಿ, ನಿಂಬೆಹಣ್ಣಿಗಿಂತ ದಪ್ಪ, ಇನ್ನೊಂದು ವಾರಕ್ಕೆ ಬಣ್ಣ ತಿರುಗುತ್ತಿದ್ದವು. ಕಂಬ ನೆಟ್ಟು, ದಾರ ಕಟ್ಟಿ ಎತ್ತಿ ನಿಲ್ಲಿಸಿದ್ದ ಗಿಡಗಳು. ದಾರಗಳು ಮಾತ್ರ ಖಾಲಿಯಾಗಿ ಅಲ್ಲಾಡುತ್ತಿದ್ದವು.

ನನ್ನ ಸುಳ್ಳು ಅಲ್ಲಿಯವರೆಗೆ ಬರೀ ಮಾತಾಗಿತ್ತು. ಈಗ ಅದು ಒಬ್ಬರ ಬೆಳೆ ತಿಂದಿತ್ತು, ಇನ್ನು ಬೆಳೆಯುತ್ತಲೇ ಹೋಗುತ್ತಿತ್ತು. ನಾನು ಕೆಳಗೆ ಬಂದು ಸಲಿಕೆ ಮುಟ್ಟಲಿಲ್ಲ. ತಂಗಿ ಕಾಫಿ ತರುವವರೆಗೆ ದಡದಲ್ಲಿ ನಿಂತಿದ್ದೆ. ಅವಳು ಲೋಟ ಇಟ್ಟು ತಿರುಗಿದಾಗ ಕರೆದೆ.

“ನಿಂತ್ಕಳವ್ವ. ಮೀನು ಸಾಯ್ಸಿದ್ದು ನಾನು.”

ಅವಳು ನಿಂತಳು. ದೊಡ್ಡಪ್ಪ ಹೊಂಡದೊಳಗಿಂದ ತಲೆ ಎತ್ತಿದರು. ನಾನು ಪಂಪು ತರಿಸಿದ್ದು, ಮೀನು ಇರುವಾಗಲೇ ಕದಡಿದ್ದು, ಪಂಪಿನವನು ಹೇಳಿದರೂ ನಿಲ್ಲಿಸದೇ ಇದ್ದದ್ದು, ಕರೆಂಟು ಹೋಗಿದ್ದು, ತೊಟ್ಟಿಗೆ ಬಿಟ್ಟಿದ್ದು ಎಲ್ಲ ನಡೆದ ಹಾಗೆ ಹೇಳಿದೆ. ಎರಡು ವರ್ಷ ಕೆಸರು ಎತ್ತಿಸದೇ ಬಿಟ್ಟಿದ್ದು ನನ್ನ ಮರಕ್ಕೆ ಗೋಡು ಬೇಕು ಅಂತಲೇ ಎಂಬುದನ್ನೂ ಹೇಳಿದೆ.

ಮೊದಲು ಮಾತಾಡಿದವರು ದೊಡ್ಡಪ್ಪ. “ಎಷ್ಟೊತ್ಗೆ ಸತ್ವು?”

“ಹತ್ತಕ್ಕೆಲ್ಲ ಮುಗ್ದೋಗಿತ್ತು.”

“ನಾನು ಕ್ಯಾನು ಬೆನ್ಗೇರ್ಸಿದ್ದೇ ಹನ್ನೊಂದಕ್ಕೆ.” ಸಲಿಕೆಯ ಹಿಡಿಯ ಮೇಲೆ ಎರಡೂ ಕೈ ಊರಿದರು. “ಇಷ್ಟ್ ದಿನ ಹೊತ್ತಿನ ಲೆಕ್ಕ ಹಾಕ್ಲೇ ಇಲ್ಲ ನೋಡು ನಾನು. ಮುದುಕ್ನಾದೆ.” ಮೇಲೆ ಬಂದು ಪೈಪಿನಲ್ಲಿ ಕಾಲು ತೊಳೆದುಕೊಂಡು, ಬಾಂಡ್ಲಿ ಮಗುಚಿ ತಲೆ ಮೇಲಿಟ್ಟುಕೊಂಡು ಬದು ಹತ್ತಿ ಹೋದರು.

ತಂಗಿ ಅವರು ಮರೆಯಾಗುವವರೆಗೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮೂರ್ ದಿನ ಅವ್ರು ಪೈಪ್ ನೀರ್ ಕುಡುದ್ರು. ನನ್ ಕೈಲೇ ಮಾಡ್ಸ್ದೆ ನೀನು ಅದನ್ನ.”

ದಡದ ಮೇಲಿನ ಲೋಟ ಎತ್ತಿಕೊಂಡು ಬದು ಹತ್ತಿದಳು. ಅವರು ಕುಡಿದರೋ ಇಲ್ಲವೋ ನನಗೆ ಕಾಣಿಸಲಿಲ್ಲ. ಬರುವಾಗ ಲೋಟ ಬೋರಲು ಹಿಡಿದಿದ್ದಳು.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ: “ನಿನ್ ಪಾತಿಗೆ ಸುರ್ದಿರೋ ಗೋಡು ನನ್ ಹೊಂಡದ್ದು. ಅಷ್ಟನ್ನೂ ತೆಗ್ದು ದೊಡ್ಡಪ್ಪನ್ ಹೊಲಕ್ಕೆ ಹಾಕು. ಟ್ರ್ಯಾಕ್ಟರ್ ಕರಿಬ್ಯಾಡ.”

ಹೊಂಡದಲ್ಲಿ ಉಳಿದಿದ್ದ ಕೆಸರನ್ನು ಎರಡು ದಿನದಲ್ಲಿ ಒಬ್ಬನೇ ಮುಗಿಸಿದೆ. ತಳ ಒಣಗಿ ಬಿರುಕು ಬಿಡಲು ಬಿಟ್ಟು, ಮುಖಕ್ಕೆ ಟವೆಲ್ ಕಟ್ಟಿಕೊಂಡು ಸುಣ್ಣ ಎರಚಿದೆ. ಆಮೇಲೆ ಪಾತಿಗಳಿಗೆ ಬಂದೆ. ಪಂಪಿನಿಂದ ಬಿದ್ದದ್ದು ಅಷ್ಟು ಹೊತ್ತಿಗೆ ಹಪ್ಪಳದ ಹಾಗೆ ಒಣಗಿತ್ತು. ಗುದ್ದಲಿಯಿಂದ ಎಬ್ಬಿಸಿ, ಬಾಂಡ್ಲಿಗೆ ತುಂಬಿ, ಬದು ಹತ್ತಿ ಆ ಖಾಲಿ ಸಾಲುಗಳಲ್ಲಿ ಸುರಿದೆ. ಕೆಲವು ಕಡೆ ಗುದ್ದಲಿಗೆ ಮೀನಿನ ಮುಳ್ಳು ಸಿಕ್ಕಿತು. ಯುಗಾದಿ ಬಂತು, ಹೊಸತೊಡಕೂ ಬಂತು. ಅವತ್ತೂ ಹೊತ್ತೆ. ನಮ್ಮ ಮನೆಯಲ್ಲಿ ಆ ದಿನ ಬಾಡು ಮಾಡಲಿಲ್ಲ. ತಂಗಿ ನನ್ನ ಹೆಂಡತಿಯ ಹತ್ತಿರ ಸೋಪು ಕೇಳಿದ್ದು ಜಗುಲಿಯಲ್ಲಿ ಕೂತಿದ್ದ ನನಗೆ ಕೇಳಿಸಿತು.

ದೊಡ್ಡಪ್ಪ ಆ ಹೊಲಕ್ಕೆ ಮತ್ತೆ ಟೊಮೊಟೊ ಹಾಕಲಿಲ್ಲ, ಹುರುಳಿಯನ್ನೇ ಚೆಲ್ಲಿದರು. ಮಳೆಗಾಲ ಹಿಡಿದ ಮೇಲೆ ಒಂದು ದಿನ ಮೊಪೆಡ್ಡಿನಲ್ಲಿ ಮರಿ ತಂದರು. ಹಿತ್ತಲಿನ ಹಿಂಬಾಗಿಲಿಂದ ಬಂದು, ತಂಗಿಯ ಜೊತೆ ನಿಂತು ಚೀಲವನ್ನು ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಬಿಸಿ ಹೊರಗಿನ ನೀರಿಗೆ ಸರಿಹೋಗುವವರೆಗೆ ಕಾದು ಬಿಚ್ಚಿದರು. ನನ್ನನ್ನು ಕಂಡು, “ಏನ್ಲಾ, ಚೆನ್ನಾಗಿದೀಯಾ?” ಎಂದರು. ಚೆನ್ನಾಗಿದ್ದೀನಿ ಎಂದೆ.

ಈಗ ತಂಗಿ ಪ್ರತಿ ತಿಂಗಳ ಮೊದಲ ಸೋಮವಾರ ತಳದ ಕೆಸರು ತೆಗೆಯುತ್ತಾಳೆ. ಉದ್ದದ ಪೈಪಿನ ಬಾಯಿಗೆ ಜಾಲರಿ ಕಟ್ಟಿ, ಗಳುವಿಗೆ ಬಿಗಿದು, ಕದಡದ ಹಾಗೆ ಅಂಗೈಯಗಲ ಅಂಗೈಯಗಲ ಸರಿಸುತ್ತಾ ಹೋಗುತ್ತಾಳೆ. ದೊಡ್ಡಪ್ಪ ದಡದಲ್ಲಿ ಕೂತು ಪೈಪಿನ ಇನ್ನೊಂದು ತುದಿ ನೋಡಿಕೊಳ್ಳುತ್ತಾರೆ. ಒಬ್ಬರಿಗೆ ಗಳು, ಇನ್ನೊಬ್ಬರಿಗೆ ಪೈಪು. ಹೊಸ ನೀರು ಬಿಡಲು ಬೋರಿನ ಗೇಟುವಾಲಿನ ಹತ್ತಿರ ಮೂರನೆಯವರೊಬ್ಬರು ಇದ್ದರೆ ಅನುಕೂಲ. ತಂಗಿ ಗಳು ಕೆಳಗಿಟ್ಟು ತಾನೇ ಓಡಿ ಹೋಗಿ ತಿರುಗಿಸಿ ಬರುತ್ತಾಳೆ. ಕಳೆದ ತಿಂಗಳು ನಾನು ಹೋಗಿ ವಾಲಿನ ಮೇಲೆ ಕೈ ಇಟ್ಟೆ.

“ನೀನ್ ಬ್ಯಾಡ ಬುಡಣ್ಣ,” ಎಂದಳು. ಅಡುಗೆ ಆಗಿದೆ, ಉಂಡ್ಕ ಹೋಗು ಎನ್ನುವಾಗ ಇರುವ ದನಿಯೇ.

ಎಳೆದ ಕೆಸರನ್ನು ಇಬ್ಬರೂ ಬಕೆಟ್ಟಿನಲ್ಲಿ ಹೊತ್ತು ಬದುವಿನ ಆಚೆಯ ಹುರುಳಿ ಹೊಲಕ್ಕೆ ಚೆಲ್ಲುತ್ತಾರೆ. ನನ್ನ ತೆಂಗಿನ ಬುಡಕ್ಕೆ ಒಂದು ಬಕೆಟ್ಟೂ ಬರುವುದಿಲ್ಲ. ನಾನು ಕೇಳಿಲ್ಲ.